ಅರ್ಜಿಯಲ್ಲಿ ತಾಯಿಯ ಹೆಸರಿಲ್ಲ

ಗುರುವಾಯನಕೆರೆ
18-7-1961, ಮಂಗಳವಾರ

ಪ್ರೀತಿಯ ವಾರಿಜಾಕ್ಷಿಗೆ ನಿನ್ನ ಮುಂಡಪ್ಪ ಮಾವ ಮಾಡುವ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯುವುದು ನನಗೆ ಇಷ್ಟವಿಲ್ಲದ ಕೆಲಸ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಬಿಸಾಡಿ ಬಂದವ ನಾನು. ಅರವತ್ತೆರಡು ವರ್ಷದಲ್ಲಿ ನನ್ನ ಕೈ ಪೆನ್ನು ಹಿಡಿದದ್ದು ಸಹಿ ಹಾಕಲಿಕ್ಕೆ ಮಾತ್ರ, ಆ ಸಹಿಗಳಿಂದ ಏನೇನಾಯಿತು ಎಂಬುದು ಮುಂದೆ ಗೊತ್ತಾಗುತ್ತದೆ. ಇಷ್ಟು ದಿನ ನಿನಗೆ ಬಂದ ಕಾಗದವೆಲ್ಲ ಶಾಲೆಯ ಮಾಸ್ಟ್ರು ಬರೆದದ್ದು. ಇದು ಮಾಸ್ಟ್ರಿಗೆ ಹೇಳಿ ಬರೆಸುವ ವಿಷಯವಲ್ಲ. ನಿನ್ನ ಅಮ್ಮ ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. "ಕೋರ್ಟಿನಲ್ಲಿ ಮಾತಾಡ್ಲಿಕ್ಕೆ ಯಾರೂ ಹೇಳಿಕೊಡ್ಬೇಕಾಗಿರ್ಲಿಲ್ಲ ಅಣ್ಣ ನಿಮಗೆ, ನಾಲ್ಕು ಗೆರೆ ಬರೀಲಿಕ್ಕೆ ಮಾತ್ರ ಕೈ ನೋಯ್ತದಾ?" ಎಂದು ಬೆಳಿಗ್ಗೆ ಗಂಜಿಯ ಎದುರಿನಲ್ಲೇ ಕೇಳಿದಳು. ನಾನು ಬಟ್ಟಲು ದೂಡಿ ಎದ್ದೆ. ಅವಳು ಸೇಸಮ್ಮ, ನನ್ನ ತಂಗಿಯೇ. ಬಟ್ಟಲನ್ನು ಪುನಃ ನನ್ನ ಎದುರಿಗೇ ದೂಡಿದಳು. ಹಾಗಾಗಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ನೀನು ಹೇಗಿದ್ದಿ? ಬೊಂಬಾಯಿಯ ನೀರು ನಿನಗೆ ಒಗ್ಗಿತೇ? ಹೋದ ಕಾಗದದಲ್ಲಿ ಕೆಮ್ಮು ಉಂಟು ಎಂದು ಬರೆದಿದ್ದಿ. ಹೋಟೆಲಿನ ಮೇಲಿನ ಕೋಣೆಗೆ ಕೆಳಗಿನ ಒಲೆಯ ಹೊಗೆ ಬರುತ್ತದಂತೆ, ಆ ಕಿಟಕಿಗೆ ಒಂದು ಹಲಗೆ ಹೊಡೆಸಲು ನಿನ್ನ ಗಂಡ ಶೀನಪ್ಪನಿಗೆ ಹೇಳು. ಒಳ್ಳೆಮೆಣಸು, ಬೆಲ್ಲ ಕುದಿಸಿ ಕುಡಿ. ನಿನ್ನ ಅಮ್ಮನ ಮಂಡಿನೋವು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಬಗ್ಗೆ ಬರೆಯುವಂಥದ್ದೇನಿಲ್ಲ. ಹಲ್ಲು ಇನ್ನೊಂದು ಹೋಯಿತು, ನಾಲಗೆ ಹಾಗೆಯೇ ಉಂಟು. ಹೋಗಬೇಕಾದದ್ದು ಅದು.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ನೀಲು ನಮ್ಮ ಮನೆಯಲ್ಲಿ ಇಲ್ಲ. ಬಿಸು ಹಬ್ಬದ ಮರುದಿನದಿಂದ ಇಲ್ಲ. ಅಂದರೆ ಮೂರು ತಿಂಗಳಾಯಿತು. ನಡುವೆ ನಿನಗೆ ಎರಡು ಕಾಗದ ಬಂತಲ್ಲ, 'ಮಗು ಸೌಖ್ಯ' ಎಂದು, ಅದನ್ನು ಬರೆಸಿದವ ನಾನೇ. ಕಾಗದ ಶೀನಪ್ಪ ಒಡೆದು ನೋಡಿದರೂ ಮನೆಯ ಬೇರೆ ಯಾರದೋ ಮಗು ಎಂದುಕೊಳ್ಳಲಿ ಎಂದು ಹೆಸರು ಹಾಕದೆ ಬರೆಸುತ್ತಿದ್ದೆ. ಮಗು ಬೇಗ ಬಂದುಬಿಡುತ್ತದೆ, ನಿನಗೆ ಗೊತ್ತಾಗುವುದೇ ಬೇಡ ಎಂದು ಭಾವಿಸಿದ್ದೆ.

ಕರೆದುಕೊಂಡು ಹೋದವ ಪದ್ಮಯ್ಯ. ನಾನು ಎತ್ತು ನೋಡಲೆಂದು ಪಾಣೆಮಂಗಳೂರಿಗೆ ಹೋಗಿದ್ದ ದಿನ ನೋಡಿಯೇ ಬಂದಿದ್ದಾನೆ, ಕೈಯಲ್ಲಿ ಬೆಂಡು ಬತ್ತಾಸು, ಬಾಯಲ್ಲಿ ಸಕ್ಕರೆ. "ಅಪ್ಪ ಅಲ್ವಾ ಅತ್ತೆ, ಒಮ್ಮೆ ನನ್ನ ತಾಯಿಗೆ ತೋರಿಸಿ ಎರಡು ದಿನದಲ್ಲಿ ತಂದುಬಿಡ್ತೇನೆ" ಎಂದನಂತೆ. ನಿನ್ನ ಅಮ್ಮ ಹೊಸ ಲಂಗ ಹಾಕಿಸಿ ಕಳಿಸಿದಳು. ಅವಳನ್ನು ಬಯ್ದದ್ದು ಬಯ್ದಾಯಿತು, ಇನ್ನು ನೀನು ಬಯ್ಯಬೇಡ. ಎರಡು ದಿನ ಕಳೆಯಿತು, ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ನಾನು ಮೂಡಬಿದಿರೆಯ ಬಸ್ಸು ಹತ್ತಿ ಅವನ ಅಕ್ಕನ ಮನೆಗೆ ಹೋದೆ. ಅಂಗಳದಲ್ಲೇ ನಿಂತು ಮಗುವನ್ನು ಹೊರಗೆ ಕಳಿಸು ಎಂದೆ. ಪದ್ಮಯ್ಯ ಜಗಲಿಯಿಂದ ಇಳಿಯಲೇ ಇಲ್ಲ. "ಯಾವ ಮಗು? ನನ್ನ ಮಗಳಾ? ನಿಮ್ಮ ಅಳಿಯಕಟ್ಟೆಲ್ಲ ಈಗ ನಡೆಯುವುದಿಲ್ಲ ಮಾವ, ಹೊಸ ಕಾನೂನು ಬಂದು ಐದು ವರ್ಷ ಆಯಿತು. ಬೇಕಾದರೆ ಕೋರ್ಟಿಗೆ ಹೋಗಿ" ಎಂದ. ನನ್ನನ್ನು ಈಗಲೂ ಮಾವ ಎಂದೇ ಕರೆಯುತ್ತಾನೆ, ಕೇಳಿದರೆ ಮೈ ಉರಿಯುತ್ತದೆ.

ನನಗೆ ಆಗ ಹೆದರಿಕೆ ಆಗಲಿಲ್ಲ, ನಗು ಬಂತು. ನಮ್ಮ ಕಟ್ಟಿನಲ್ಲಿ ಮಗು ಹುಟ್ಟುವುದೇ ತಾಯಿಯ ಮನೆಗೆ. ಮಗುವಿಗೆ ಕುಲದ ಬಳಿ ತಾಯಿಯದ್ದು, ಮನೆ ತಾಯಿಯದ್ದು, ದೈವ ತಾಯಿಯ ಮನೆಯದ್ದು. ಅಪ್ಪ ಎಂದರೆ ಬಂದು ಹೋಗುವವ. ಸೋದರಮಾವ ಯಜಮಾನ. ನಾನು ಹುಟ್ಟಿದಂದಿನಿಂದ ಕಂಡದ್ದು ಅದನ್ನೇ. ಮೂರು ವರ್ಷದ ಕೆಳಗೆ ಬೆಳ್ತಂಗಡಿಯ ರಿಜಿಸ್ಟ್ರಿ ಕಚೇರಿಯಲ್ಲಿ ನಿನ್ನ ಮದುವೆಯ ಬಿಡುಗಡೆ ಪತ್ರ ಬರೆಸುವಾಗ ಆದದ್ದು ನಿನಗೆ ನೆನಪಿರಬಹುದು. ಪತ್ರ ಬರೆಯುವವ ತಲೆ ಎತ್ತಿ, "ಮಗುವಿನ ವಿಷಯ ಒಂದು ಗೆರೆ ಹಾಕುವುದಾ ಯಜಮಾನ್ರೇ?" ಎಂದು ಕೇಳಿದ. "ನಮ್ಮ ಮನೆಯ ಮಗು ನಮ್ಮದು ಅಂತ ಬರೀಬೇಕಾ ಮಾರಾಯ? ಸೂರ್ಯ ಮೂಡಣದಲ್ಲಿ ಹುಟ್ತಾನೆ ಅಂತಲೂ ಬರೀತೀಯಾ?" ಎಂದೆ ನಾನು. ಅಲ್ಲಿದ್ದವರೆಲ್ಲ ನಕ್ಕರು, ಪದ್ಮಯ್ಯನೂ ನಕ್ಕ. ನೀನು ಬಾಗಿಲ ಹತ್ತಿರ ನಿಂತು, "ಒಂದು ಗೆರೆ ಬರೆದರೆ ಏನು ಮಾವ" ಎಂದಿ. ನಾನು ತಿರುಗಿ ನೋಡಿದೆ. ನೀನು ಬಾಗಿಲ ಆಚೆಗೆ ಸರಿದಿ. ಆ ಒಂದು ಗೆರೆ ಇದ್ದಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ.

ಬಿಡುಗಡೆ ಮಾಡಿಸಿದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ಕೊಡೆಯ ಹಿಡಿಯಲ್ಲಿ ಹೊಡೆಸಿಕೊಂಡು, ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ಮೂಡಬಿದಿರೆಯಿಂದ ನಡೆದೇ ಬಂದವಳು ನೀನು. ನಿನ್ನನ್ನು ತಿರುಗಿ ಕಳಿಸುವ ಮನೆ ನಮ್ಮದಲ್ಲ.

ಬಂಟ್ವಾಳದಲ್ಲಿ ಒಬ್ಬ ವಕೀಲರ ಹತ್ತಿರ ಹೋದೆ. ಒಳ್ಳೆಯ ಹೆಸರಿನವರು, ಕುಳ್ಳಿರಿಸಿ ಮಜ್ಜಿಗೆ ಕೊಡಿಸಿದರು. ನಾನು ಮನೆತನದ ಹೆಸರಿನಿಂದ ಸುರುಮಾಡಿ ಅರ್ಧ ಗಂಟೆ ಹೇಳಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು: "ಮಗುವಿನ ತಾಯಿ ಎಲ್ಲಿ?" ನಾನು, ತಾಯಿ ಬರುವುದಿಲ್ಲ, ಯಜಮಾನ ನಾನು ಬಂದಿದ್ದೇನಲ್ಲ ಎಂದೆ. "ತಾಯಿಯನ್ನು ಕರ್ಕೊಂಡು ಬನ್ನಿ, ಆಮೇಲೆ ನೋಡುವ" ಎಂದರು. ನನ್ನ ಪಿತ್ತ ನೆತ್ತಿಗೇರಿತು. ತಾಯಿ ಎಲ್ಲಿ ಎಂದು ಕೇಳಲಿಕ್ಕೆ ವಕೀಲ ಯಾಕೆ, ಅದನ್ನು ಗುರುವಾಯನಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರು ಬೇಕಷ್ಟು ಜನ ಇದ್ದಾರೆ ಎಂದು ಹೇಳಿ ಎದ್ದು ಬಂದೆ. ಮಜ್ಜಿಗೆ ಅರ್ಧ ಹಾಗೆಯೇ ಉಳಿಯಿತು.

ಕೋರ್ಟಿನ ಜಗಲಿಯಲ್ಲಿ ಅರ್ಜಿ ಬರೆದುಕೊಡುವವರು ಇರುತ್ತಾರೆ. ಅವರಲ್ಲಿ ಒಬ್ಬನಿಂದ ಅರ್ಜಿ ಬರೆಸಿದೆ. ಅರ್ಜಿದಾರ ಯಾರು ಎಂದು ಕೇಳಿದ, ನನ್ನ ಹೆಸರು ಹೇಳಿದೆ. ನಮ್ಮ ಮನೆಯ ಗದ್ದೆಯ ತಕರಾರು, ನೀರಿನ ತಕರಾರು ಎಲ್ಲ ಯಜಮಾನನ ಹೆಸರಿನಲ್ಲೇ ನಡೆದದ್ದು. ಇದಕ್ಕೆ ಬೇರೆ ಹೆಸರು ಹಾಕಬೇಕೆಂದು ನನ್ನ ತಲೆಗೇ ಬರಲಿಲ್ಲ. ನಿನ್ನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ ವಾರಿಜ. 'ನಮ್ಮ ಮನೆಯ ಹೆಣ್ಣುಮಗುವನ್ನು ಎದುರುಪಕ್ಷದವನು ಕೊಂಡುಹೋಗಿದ್ದಾನೆ, ವಾಪಾಸು ಕೊಡಿಸಬೇಕು' ಎಂದು ಬರೆಸಿದೆ.

ಮೊನ್ನೆ ಶುಕ್ರವಾರ ಮಂಗಳೂರಿನ ಕೋರ್ಟಿನಲ್ಲಿ ಕರೆದರು. ಬೆಳಿಗ್ಗೆ ಹತ್ತಕ್ಕೆ ಹೋದವನನ್ನು ಒಂದು ಗಂಟೆಗೆ ಕರೆದರು. ಒಳಗೆ ಹೋಗಿ ನೋಡಿದರೆ ಪದ್ಮಯ್ಯನ ಪಕ್ಕದಲ್ಲಿ ಕರಿಕೋಟು ಹಾಕಿ ನಿಂತವರು ಅದೇ ಬಂಟ್ವಾಳದ ವಕೀಲರು. ನಾನು ಬಿಟ್ಟು ಬಂದದ್ದನ್ನು ಅವನು ಹಿಡಿದುಕೊಂಡಿದ್ದ. ಜಡ್ಜರು ಸಣ್ಣ ಪ್ರಾಯದವರು, ಮೆತ್ತಗೆ ಮಾತಾಡುವವರು. "ಅಜ್ಜ, ನೀವು ಮಗುವಿಗೆ ಏನಾಗಬೇಕು?" ಎಂದರು. ಯಜಮಾನ ಎಂದೆ. "ಯಜಮಾನ ಮನೆಗೆ. ಮಗುವಿಗೆ?" ಎಂದರು. "ಮಗುವೇ ಮನೆಯದ್ದು ಸ್ವಾಮಿ" ಎಂದೆ. ಆಗ ಆ ವಕೀಲರು ಎದ್ದು, "ಹಾಗಾದರೆ ಹಟ್ಟಿಯಲ್ಲಿ ಹುಟ್ಟಿದ ಕರುವಿನ ಹಾಗೆಯಾ?" ಎಂದು ಕೇಳಿದರು. "ಹೌದು, ಹಟ್ಟಿಯ ಕರುವಿನ ಹಾಗೆಯೇ" ಎಂದೆ. ಕೋರ್ಟು ನಕ್ಕ ಮೇಲೆ ನನಗೆ ತಿಳಿಯಿತು, ನಾನು ಹೇಳಿದ್ದು ಏನೆಂದು. ಸಿಟ್ಟು ಬಂತು. ಕುಳಿತುಕೊಳ್ಳಿ ಎಂದರು, ಮೂರು ಗಂಟೆ ನಿಲ್ಲಿಸಿ ಆಮೇಲೆ ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುವುದಿಲ್ಲ ಎಂದೆ. ಜಡ್ಜರು ನಗಲಿಲ್ಲ. "ತಾಯಿಗೆ ಮಗು ಬೇಡವಾ?" ಎಂದು ಕೇಳಿದರು. ನಾನು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ, ಒಂದು ಅಕ್ಷರ ಬಿಡುವುದಿಲ್ಲ: "ಅವಳಲ್ಲಿ ಕೇಳುವುದು ಎಂತಕ್ಕೆ? ಅವಳಿಗೆ ಬೇರೆ ಮದುವೆ ಮಾಡಿ ಕಳಿಸಿ ಆಗಿದೆ. ಮಗುವಿಗೂ ಅವಳಿಗೂ ಈಗ ಎಂತದ್ದೂ ಇಲ್ಲ." ಗುಮಾಸ್ತ ಅದನ್ನು ಬರೆದುಕೊಂಡ, ಓದಿ ಹೇಳಿದ, ಸಹಿ ಹಾಕಿ ಎಂದ. ನಾನು ಹಾಕಿದೆ.

ಆಮೇಲೆ ಜಡ್ಜರು ಸಣ್ಣ ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದರು. ಹೊಸ ಕಾನೂನಿನಲ್ಲಿ ಮಗುವಿಗೆ ಮೊದಲು ಅಪ್ಪ, ಆಮೇಲೆ ತಾಯಿ. ಐದು ವರ್ಷ ತುಂಬದ ಮಗುವಾದರೆ ಸಾಧಾರಣವಾಗಿ ತಾಯಿಯ ಹತ್ತಿರ ಇರಬೇಕು ಎಂದೂ ಉಂಟು. ಸೋದರಮಾವ ಎಂಬ ಶಬ್ದ ಆ ಸಾಲಿನಲ್ಲಿ ಇಲ್ಲ. ನನ್ನ ಅರ್ಜಿ ನಿಲ್ಲುವುದಿಲ್ಲ, ಆದರೆ ಮಗು ಸಣ್ಣದು ಎಂದು ಒಂದು ವಾಯಿದೆ ಕೊಡುತ್ತೇನೆ, ತಾಯಿ ತಾನೇ ಬಂದು ತನ್ನ ಹೆಸರಿನಲ್ಲಿ ಅರ್ಜಿ ಕೊಟ್ಟು ನನ್ನ ಎದುರಿನಲ್ಲಿ ಬಾಯಿಬಿಟ್ಟು ಹೇಳಲಿ ಎಂದರು. ವಾಯಿದೆ ಆಗಸ್ಟ್ ಇಪ್ಪತ್ತೊಂದು, ಸೋಮವಾರ. ಪಟೇಲರ ಪುಸ್ತಕದಲ್ಲಿ ನೀಲು ಹುಟ್ಟಿದ್ದು 1956 ಸೆಪ್ಟೆಂಬರ್ ಹತ್ತು ಎಂದು ಉಂಟು. ವಾಯಿದೆ ಕಳೆದ ಮೇಲೆ ಇಪ್ಪತ್ತು ದಿನದಲ್ಲಿ ಅವಳಿಗೆ ಐದು ತುಂಬುತ್ತದೆ. ಆಮೇಲೆ ಅಪ್ಪ ಎಂಬವನದ್ದೇ ಮೇಲುಗೈ.

ಕೋರ್ಟಿನಿಂದ ಬರುವಾಗ ಮನೆಗೆ ಬರಲು ಮನಸ್ಸಾಗಲಿಲ್ಲ, ಮೂಡಬಿದಿರೆಗೆ ಹೋದೆ. ಪದ್ಮಯ್ಯ ಮಂಗಳೂರಿನಿಂದ ಇನ್ನೂ ಬಂದಿರಲಿಲ್ಲ. ಬರೆಯಬಾರದು ಎಂದಿದ್ದೆ, ಆದರೆ ನೀನು ತಾಯಿ, ನಿನಗೆ ಗೊತ್ತಿರಲಿ. ನೀಲುವಿನ ತಲೆ ಬೋಳಿಸಿದ್ದಾರೆ, ಹೇನು ಎಂದು. ಅವನ ಅಕ್ಕನ ಒಂದು ವರ್ಷದ ಗಂಡುಮಗುವನ್ನು ಸೊಂಟದಲ್ಲಿ ಹೊತ್ತುಕೊಂಡು ಬಾವಿಯ ಹತ್ತಿರ ನಿಂತಿದ್ದಳು. ಹೊತ್ತದ್ದು ಇವಳಿಗಿಂತ ಭಾರ ಇತ್ತು. ಎಡಗೈಯ ಮಣಿಗಂಟಿನಲ್ಲಿ ಸುಟ್ಟ ಕಲೆ. ಇದು ಏನೆಂದು ಕೇಳಿದರೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ಬಿದ್ದದ್ದು" ಎಂದಳು. ಬಿದ್ದರೆ ಸುಡುವುದು ಹೇಗೆ? ಹೊರಡುವಾಗ ಅವಳೇ ಹತ್ತಿರ ಬಂದು ಮೆಲ್ಲಗೆ, "ಅಜ್ಜ, ನಾನು ಈಗ ಅಳುವುದೇ ಇಲ್ಲ. ಅಳದಿದ್ರೆ ಕರ್ಕೊಂಡು ಹೋಗ್ತೀರಾ?" ಎಂದಳು. ಎತ್ತಿಕೊಂಡು ಓಡಿಬಿಡುವ ಎಂದು ಕಾಣಿಸಿತು. ಓಡಿದರೆ ಪೋಲೀಸು ಬರುತ್ತದೆ, ವಾಯಿದೆಯೂ ಹೋಗುತ್ತದೆ ಎಂದು ಅಷ್ಟು ಬುದ್ಧಿ ಮೊದಲ ಸಲ ನನಗೆ ಬಂತು. ಹಿಂದೆ ನೋಡದೆ ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಎಲ್ಲಿಗೆ ಎಂದು ಕೇಳಿದ್ದು ನನಗೆ ಕೇಳಿಸಲಿಲ್ಲ.

ಈಗ ನಿನ್ನ ಕಷ್ಟ ಏನೆಂದು ನನಗೆ ಗೊತ್ತುಂಟು. ಅದನ್ನು ಕಟ್ಟಿಕೊಟ್ಟವ ನಾನೇ. ಶೀನಪ್ಪನ ಕಡೆಯವರು ಹೆಣ್ಣು ನೋಡಲು ಬಂದಾಗ, ಬಿಡುಗಡೆ ಆದದ್ದು ಅಡ್ಡಿಯಿಲ್ಲ, ಮಕ್ಕಳು ಉಂಟಾ ಎಂದು ಕೇಳಿದರು. ಮಗುವಿನ ಕಡೆಗೆ ಮನಸ್ಸು ಓಡುವ ಹೆಂಗಸು ಬೊಂಬಾಯಿಯಲ್ಲಿ ನಿಲ್ಲುವುದಿಲ್ಲ ಎಂದು ಅವರ ಲೆಕ್ಕ. ಇಲ್ಲ ಎಂದೆ. ಆ ದಿನ ನೀಲುವನ್ನು ಆಚೆಮನೆಯ ಜೈನಬಮ್ಮನ ಆಡಿನ ಮರಿ ನೋಡಲು ಕಳಿಸಿದ್ದೆವು. ಮಗು ಮನೆಯದ್ದು, ಮನೆಯಲ್ಲೇ ಇರುತ್ತದೆ, ನಿನ್ನ ಲೆಕ್ಕಕ್ಕೆ ಇಲ್ಲದ ಹಾಗೆಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಒಳಗೆ ಹೂ ಮುಡಿದು ಕುಳಿತವಳು ಕೇಳಿಸಿಕೊಂಡಿ. ಎದ್ದು ಬಂದು ಉಂಟು ಎನ್ನಲಿಲ್ಲ. ಎನ್ನಲಿಕ್ಕೆ ನಾನು ಬಿಡುತ್ತಿರಲಿಲ್ಲ, ಅದೂ ಸರಿ.

ಆದ್ದರಿಂದ ಹೀಗೆ ಮಾಡು. ಅಮ್ಮನಿಗೆ ಜೋರು, ಬದುಕುವುದು ಸಂಶಯ ಎಂದು ಶೀನಪ್ಪನಿಗೆ ಹೇಳು. ಬೇಕಾದರೆ ಇಲ್ಲಿಂದ ನಾನು ತಂತಿ ಕೊಡುತ್ತೇನೆ. ಈಗ ಸಮುದ್ರ ಕೆಟ್ಟಿದೆ, ಹಡಗು ಇಲ್ಲ, ಹುಬ್ಬಳ್ಳಿ ದಾರಿಯಾಗಿ ಬಾ. ಆಗಸ್ಟ್ ಹದಿನೆಂಟಕ್ಕೆ ಮಂಗಳೂರಿಗೆ ಮುಟ್ಟಬೇಕು, ನಾನು ಬಂದು ನಿಂತಿರುತ್ತೇನೆ. ಇನ್ನೊಬ್ಬ ವಕೀಲನ ಮೆಟ್ಟಿಲು ಹತ್ತುವುದು ಬೇಡ, ತಾಯಿ ಬಂದರೆ ಅವಳ ಮಾತನ್ನೇ ಕೇಳುತ್ತೇನೆ ಎಂದು ಜಡ್ಜರೇ ಹೇಳಿದ್ದಾರೆ. ನೀನು ಎಂಟನೇ ಕ್ಲಾಸು ಓದಿದವಳು, ಅರ್ಜಿ ನಿನ್ನ ಕೈಯಲ್ಲೇ ಬರಿ. ಮೊದಲನೇ ಗೆರೆಯಲ್ಲಿ ನಿನ್ನ ಹೆಸರು. ಯಜಮಾನ, ಮನೆತನ, ಅಳಿಯಕಟ್ಟು ಇದು ಯಾವುದೂ ಅದರಲ್ಲಿ ಬೇಡ. ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಯಾರು ಮೀಯಿಸುತ್ತಾರೆ ಎಂದು ಜಡ್ಜರು ಕೇಳಬಹುದು, ಅಂಥದ್ದನ್ನು ಯೋಚಿಸಿಕೊಂಡು ಬಾ. ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಹೊರಗೆ ನಿಲ್ಲು ಎಂದರೆ ಹೊರಗೆ ನಿಲ್ಲುತ್ತೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹೋಟೆಲಿನ ವಿಳಾಸಕ್ಕೆ ಬಂದದ್ದನ್ನು ಯಾರು ಒಡೆಯುತ್ತಾರೋ ಹೇಳಲಿಕ್ಕಾಗುವುದಿಲ್ಲ. ಜೈನಬಮ್ಮನ ಮಗ ಅಬ್ದುಲ್ ಸಲಾಂ ಇವತ್ತು ಬೊಂಬಾಯಿಗೆ ಹೊರಟಿದ್ದಾನೆ, ಅಲ್ಲಿ ಹಡಗು ನಿಲ್ಲುವ ಗೋದಿಯಲ್ಲಿ ಅವನ ಕೆಲಸ. ನಿನ್ನ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. "ವಾರಿಜಕ್ಕನ ಕೈಗೆ ಕೊಡದೆ ನೀರು ಕುಡಿಯುವುದಿಲ್ಲ ಅಜ್ಜ" ಎಂದ. ಅವನಿಗೆ ಒಂದು ಚಾ ಕೊಡು.

ನಿನ್ನ ಅಮ್ಮ ನಿನಗೆ ನೂರು ಮಾತು ಹೇಳಿಸಿದಳು, ಅದರಲ್ಲಿ ತೊಂಬತ್ತು ನನಗೆ ಬಯ್ಗುಳ, ಬರೆಯಲಿಲ್ಲ. ಉಳಿದದ್ದು, ಹೊತ್ತಿಗೆ ಸರಿಯಾಗಿ ಉಣ್ಣು ಎಂದು. ಮನೆಯ ದೈವ ನಿನ್ನ ಬೆನ್ನಿಗೆ ಇರಲಿ. ಶೀನಪ್ಪನಿಗೆ ನಾನು ಕೇಳಿದೆ ಎಂದು ಹೇಳು.

ಇಂತು ನಿನ್ನ ಮಾವ
ಮುಂಡಪ್ಪ

ತಾ.ಕ. ಸಲಾಂ ಅಂಗಳದಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು. ಕವರು ಅಂಟಿಸಿದವ ಪುನಃ ಬಿಚ್ಚಿದೆ. ಇಷ್ಟುದ್ದ ಬರೆದು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿ ಅವಳು, "ಬಾ ಅಂತ ಬರೆದಿದ್ದೀರಿ, ಬೇಕಾ ಅಂತ ಕೇಳ್ಲಿಲ್ಲ" ಎಂದಳು. ಆದ್ದರಿಂದ ಕೇಳುತ್ತೇನೆ. ನೀಲು ನಿನಗೆ ಬೇಕಾ? ಬೇಡವಾದರೆ ಬೇಡ ಎಂದೇ ಬರಿ. ನಾನು ಬಯ್ಯುವುದಿಲ್ಲ, ಬೇರೆಯವರನ್ನೂ ಬಯ್ಯಲು ಬಿಡುವುದಿಲ್ಲ. ವಾಯಿದೆಯ ದಿನ ಒಬ್ಬನೇ ಹೋಗಿ, ಮೊದಲು ಹೇಳಿದ್ದು ಕೇಳದೆ ಹೇಳಿದ್ದು, ಈಗ ಕೇಳಿ ಹೇಳುತ್ತಿದ್ದೇನೆ ಎಂದು ಜಡ್ಜರಿಗೆ ಹೇಳಿ ಬರುತ್ತೇನೆ. ಬೇಕಾದರೆ, ಅಮ್ಮನಿಗೆ ಜೋರು ಎಂಬ ಸುಳ್ಳು ಬೇಡ, ಅದನ್ನು ಬಿಡು. ಆ ಸುಳ್ಳು ಹಿಡಿದುಕೊಂಡು ಬಂದವಳು ಮಗುವನ್ನು ಎತ್ತಿಕೊಂಡು ಹೋಗುವುದು ಯಾವ ಮನೆಗೆ? ಇದರೊಳಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಶೀನಪ್ಪನಿಗೆ. ಮಗು ಉಂಟು, ಇಲ್ಲ ಎಂದು ಹೇಳಿದವ ಮುಂಡಪ್ಪ, ವಾರಿಜ ಅಲ್ಲ, ಸಿಟ್ಟಿದ್ದರೆ ಗುರುವಾಯನಕೆರೆಗೆ ಬಂದು ನನ್ನ ಮೇಲೆ ತೀರಿಸಿಕೊಳ್ಳಲಿ ಎಂದು ಅದರಲ್ಲಿ ಬರೆದು ಸಹಿ ಹಾಕಿದ್ದೇನೆ. ಕೊಡುವುದು, ಒಲೆಗೆ ಹಾಕುವುದು ನಿನಗೆ ಬಿಟ್ಟದ್ದು. ಅವನು ನಿನ್ನನ್ನು ಹೊರಗೆ ಹಾಕಿದರೆ ಇಲ್ಲಿ ಮನೆ ಉಂಟು, ಇಬ್ಬರಿಗೂ ಉಂಟು. ಬೇಕು ಅಥವಾ ಬೇಡ, ಒಂದು ಶಬ್ದ ಬರೆದರೆ ಸಾಕು. ಆಗಸ್ಟ್ ಐದು, ಶನಿವಾರದೊಳಗೆ ನನ್ನ ಕೈಗೆ ಮುಟ್ಟಬೇಕು.